ಮುಂಬೈ ಪಗಾರ, ನವಲಗುಂದದ ರೊಟ್ಟಿ

ಅದು ೧೯೭೪ನೇ ಇಸವಿ, ಹಿಂಗಾರಿ ಜೋಳದ ರಾಶಿ ಮುಗಿದಿದ್ದ ಸಮಯ. ನವಲಗುಂದದ ಪ್ರಾಥಮಿಕ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿ ವರ್ಷವಾಗಿತ್ತು. ನನ್ನನ್ನು ನೋಡಲು ಮುಂಬೈಯಿಂದ ವರ ಬರುತ್ತಾನೆಂದು ಅಪ್ಪ ಹೇಳಿದಾಗ ಎದೆ ಧಸಕ್ಕೆಂದಿತು. ಮದುವೆಗೆ ಹೆದರಿ ಅಲ್ಲ, ನೌಕರಿ ಬಿಡಬೇಕಲ್ಲ ಎಂದು. ನಮ್ಮ ಓಣಿಯಲ್ಲಿ ಸ್ವಂತ ಪಗಾರ ತರುವ ಹೆಣ್ಣುಮಗಳು ನಾನೊಬ್ಬಳೇ. ಆ ಜಂಬ ನನಗೆ ಬೇಕಾದಷ್ಟಿತ್ತು.

ವರ ಮುಂಬೈಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಜೊತೆಗೆ ಬಂದಿದ್ದ ಅವನ ಕಾಕಾ ಜಮಖಾನದ ಮೇಲೆ ಕೂತವನೇ ಶುರು ಮಾಡಿದ. "ನಿಮ್ಮ ಮಗಳ ಪಗಾರದ ಮೂರು ಪಟ್ಟು ಐತ್ರಿ ನಮ್ಮ ಹುಡುಗಂದು. ಇವನ ಗೆಳ್ಯಾ ಕುವೈತಕ್ಕ ಹೋಗ್ಯಾನ, ಅಲ್ಲಿ ಒಂದು ತಿಂಗಳ ಪಗಾರ ಅಂದ್ರ ಇಲ್ಲೆ ವರ್ಷದ್ದು. ನಾಳೆ ಇವನೂ ಹೋಗಾಂವ. ಹುಡುಗಿ ನೌಕರಿ ಬಿಡ್ಲಿ, ರಾಣಿ ಹಂಗ ಇರ್ತಾಳ."

ಅಪ್ಪನ ಮುಖ ಅರಳಿತು. ಚಹಾದ ತಾಟು ಹಿಡಿದು ನಿಂತಿದ್ದ ನಾನು ಹಲ್ಲು ಕಡಿದೆ.

ಹೆಣ್ಣು ನೋಡಲು ಬಂದವರು ಸಂಬಂಧ ಕೂಡುವ ತನಕ ಅವಲಕ್ಕಿ, ಚಹಾ ಬಿಟ್ಟು ಊಟ ಮಾಡಬಾರದು, ಅದು ನಮ್ಮ ಮನೆಯ ರೂಢಿ. ಆದರೆ ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳಕ್ಕೆ ವರ ಮತ್ತೆ ಮತ್ತೆ ಅಡುಗೆಮನೆಯತ್ತ ಕತ್ತು ಹೊರಳಿಸುತ್ತಿದ್ದ. ಕೊನೆಗೆ ತಡೆಯಲಾರದೆ, "ಅವ್ವಾರ, ಒಂದು ಬಿಸಿ ರೊಟ್ಟಿ ಸಿಗತೈತೇನ್ರಿ?" ಎಂದುಬಿಟ್ಟ. ಕಾಕಾ ಅವನ ತೊಡೆ ಚಿವುಟಿದ್ದು ನನಗೂ ಕಂಡಿತು.

ಅವ್ವ ಬೆಣ್ಣೆ, ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟಳು. ಆಸಾಮಿ ಒಂದಕ್ಕೆ ನಿಲ್ಲಲಿಲ್ಲ!

ನನಗೆ ಎಲ್ಲಿಲ್ಲದ ಧೈರ್ಯ ಬಂತು. "ಅಲ್ರಿ, ಮೂರು ಪಟ್ಟು ಪಗಾರ ಇದ್ದೋರಿಗೆ ಮುಂಬೈದಾಗ ಹೊಟ್ಟಿ ತುಂಬ ಊಟ ಸಿಗೂದಿಲ್ಲೇನ್ರಿ?" ಎಂದು ಕೇಳಿದೆ.

"ಲೇ, ಬಾಯಿ ಮುಚ್ಚು!" ಎಂದು ಅಪ್ಪ ಗದರಿದ.

ವರ ಮಾತ್ರ ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ, ಖರೇನ ಕೇಳ್ಯಾರ. ಒಂದು ಖೋಲಿಯೊಳಗ ಆರು ಮಂದಿ ಅದೇವ್ರಿ. ಖಾನಾವಳಿಯೊಳಗ ಚಪಾತಿ ಎಣಿಸಿ ಹಾಕ್ತಾರ, ಮ್ಯಾಲೊಂದು ಕೇಳಿದ್ರ ಮತ್ತ ರೊಕ್ಕ. ಸಂಸಾರಕ್ಕ ಬ್ಯಾರೆ ಖೋಲಿ ಅಂದ್ರ ನನ್ನ ಕೈಲೆ ಆಗೂದಲ್ಲ. ತಿಂಗಳ ಕೊನಿಗೆ ಕಿಸೆ ಖಾಲಿ."

"ನನ್ನ ಕಿಸೆ ಖಾಲಿ ಆಗಂಗಿಲ್ರಿ," ಎಂದೆ. "ಜ್ವಾಳ ಹೊಲದ್ದು, ಮನಿ ನಮ್ಮದು, ಮಜ್ಜಿಗಿ ಬಾಜೂ ಮನೀದು. ನಮ್ಮ ಓಣ್ಯಾಗ ಮಜ್ಜಿಗಿ ಯಾರೂ ಮಾರಂಗಿಲ್ಲ, ಹಂಗ ಕೊಡ್ತಾರ. ನಾ ನೌಕರಿ ಬಿಡಂಗಿಲ್ಲ. ಬೇಕಾದ್ರ ನೀವ ಇಲ್ಲೇ ಹತ್ತಿರ ಹುಬ್ಬಳ್ಳಿಗೆ ಕೆಲಸಕ್ಕ ಬರ್ರಿ."

ಕಾಕಾ ಟೊಪ್ಪಿಗೆ ಹಾಕಿಕೊಂಡು ದಡಕ್ಕನೆ ಎದ್ದು ವರನನ್ನೂ ಎಬ್ಬಿಸಿಕೊಂಡು ಹೋದ. ಬಂಗಾರದಂಥ ಸಂಬಂಧ ಕಾಲಿಂದ ಒದ್ದೆ ಎಂದು ಅಪ್ಪ ನನ್ನೊಂದಿಗೆ ಮಾತು ಬಿಟ್ಟ. ನಾನು ಹೊರಗೆ ಸೆಟೆದುಕೊಂಡಿದ್ದರೂ ಒಳಗೊಳಗೇ ಮರುಗುತ್ತಿದ್ದೆ. ಕಾಕಾನ ಎದುರಿಗೇ ನಿಜ ಹೇಳಿದ ಆ ಮನುಷ್ಯ ನನಗೆ ಹಿಡಿಸಿಬಿಟ್ಟಿದ್ದ.

ಮುಂಗಾರು ಶುರುವಾದ ಮೇಲೆ ಒಂದು ರವಿವಾರ ಅವನು ಒಬ್ಬನೇ ಹುಬ್ಬಳ್ಳಿ ಬಸ್ಸಿನಿಂದ ಇಳಿದು ನಮ್ಮ ಮನೆಗೆ ಬಂದ. ಹುಬ್ಬಳ್ಳಿಯ ಒಂದು ವರ್ಕಶಾಪಿನಲ್ಲಿ ಕೆಲಸ ಹಿಡಿದಿದ್ದನಂತೆ. ಪಗಾರ ಮುಂಬೈಯ ಅರ್ಧ. ಹೊಸ್ತಿಲಾಚೆಯೇ ನಿಂತು, "ಅರ್ಧಾ ಪಗಾರದಾಂವಗ ರೊಟ್ಟಿ ಕೊಡ್ತೀರೇನ್ರಿ?" ಎಂದು ಕೇಳಿದ.

ಅಪ್ಪ ನನ್ನ ಮುಖ ನೋಡಿದ, ಅವನ ಮುಖ ನೋಡಿದ, ಗಟ್ಟಿಯಾಗಿ ನಕ್ಕುಬಿಟ್ಟ. "ಒಳಗ ಬರ್ರಿ, ಈ ಸಲ ಊಟಾನ ಮಾಡ್ರಿ," ಎಂದ. ಸಂಬಂಧ ಕೂಡಿತೆಂದು ಬೇರೆ ಹೇಳಬೇಕಾಗಲಿಲ್ಲ.

ಅದೇ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ಯಾವ ದೇಶದಲ್ಲಿ ಯಾರಿಗೆಷ್ಟು ಪಗಾರ ಎಂದು ಯಾರಾದರೂ ಹೇಳಿದರೆ ಇಂದಿಗೂ ನಾನು ಕೇಳುವುದು ಒಂದೇ ಮಾತು: "ಅಲ್ಲಿ ರೊಟ್ಟಿ ಎಣಿಸಿ ಹಾಕ್ತಾರೋ, ಕೇಳಿದಷ್ಟು ಹಾಕ್ತಾರೋ?" ಆಗ ನಮ್ಮ ಯಜಮಾನರು ತಾಟು ಮುಂದೆ ಚಾಚಿ, ಇನ್ನೊಂದು ಹಾಕು ಎನ್ನುತ್ತಾರೆ.