ಗಂಟೆ ಕಮಲಮ್ಮನ ಮನೇಲಿರಲಿ

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಎಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ನಾನು, ಯಡಿಯೂರು ಕೆರೆ ಕಡೆಯ ಒಂದು ಮನೆಗೆ ಕಳ್ಳರ ಗಂಟೆ ಹಾಕೋಕೆ ಹೋದೆ. ಯಾರಾದರೂ ಬಾಗಿಲು ಮೀಟಿದರೆ ತಾನಾಗೇ ಹೊಡ್ಕೊಳ್ಳೋ ಗಂಟೆ. ಮನೆಯಾಕೆ ಸರೋಜಮ್ಮ. ಯಜಮಾನರು ರೈಲ್ವೆ ಗಾರ್ಡು, ಮನೇಲಿರೋದೇ ಕಮ್ಮಿ.

"ಗಂಟೆ ನಡುಮನೇಲಿ ಹಾಕ್ಲಾಮ್ಮ?" ಅಂದೆ.

"ಇಲ್ಬೇಡಪ್ಪ. ಕಮಲಮ್ಮನ ಮನೇಲಿ ಹಾಕಿ," ಅಂತ ಖಾಲಿ ಸೈಟಿನಾಚೆಯ ಮನೆ ತೋರಿಸಿದರು.

"ಕಳ್ಳ ಬರೋದು ನಿಮ್ಮನೆಗಲ್ವಾ?"

"ಓಡಿ ಬರೋರು ಅವರಲ್ವಾ?"

ಸರಿ, ಸೈಟಿನ ಮೇಲೇ ತಂತಿ ಎಳೆದು ಕಮಲಮ್ಮನ ಅಡುಗೆಮನೇಲಿ ಗಂಟೆ ಹಾಕಿದೆ. ಪರೀಕ್ಷೆಗೆ ಅಂತ ಸರೋಜಮ್ಮನ ಕಡೆ ಒಂದು ಸ್ವಿಚ್ಚೂ ಇಟ್ಟೆ. ಒತ್ತಿದ್ದೇ ತಡ, ಕಮಲಮ್ಮ ಸೌಟು ಹಿಡ್ಕೊಂಡೇ ಓಡಿ ಬಂದರು.

ಕೆಲವು ತಿಂಗಳಾದ ಮೇಲೆ ಸರೋಜಮ್ಮ ಅಂಗಡಿಗೆ ಹೇಳಿಕಳಿಸಿದರು: ಗಂಟೆ ಕೆಟ್ಟಿದೆ, ಬೇಗ ಬನ್ನಿ. ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತಾ ಹೋದೆ.

"ಕಳ್ಳ ಬಂದಿದ್ನೇನಮ್ಮಾ?"

"ಯಾವ ಕಳ್ಳ? ದಿನಾ ಸ್ವಿಚ್ ಒತ್ತಿದ್ರೆ ಕಮಲಮ್ಮ ಕಾಫಿಗೆ ಬರ್ತಿದ್ರು. ಇವತ್ತು ನೋಡಿ, ಕಾಫಿ ಆರಿಹೋಗ್ತಿದೆ."

"ಅಲ್ಲಮ್ಮ, ನಿಜವಾಗ್ಲೂ ಕಳ್ಳ ಬಂದ್ರೆ? ಅವರು ಕಾಫಿ ಅಂದ್ಕೊಳ್ಳಲ್ವಾ?"

"ಅಂದ್ಕೊಳ್ಲಿ ಬಿಡಿ. ಹೆಂಗೂ ಬರ್ತಾರಲ್ಲ!"

ಈಗ ನಮ್ಮನೇಲೂ ಒಂದು ಅಲಾರಂ ಇದೆ. ಅದು ಕೂಗಿದರೆ ಪಕ್ಕದವರು ಕಿಟಕಿ ಹಾಕ್ಕೊಳ್ತಾರೆ.