ಚೀಟಿ ಇಲ್ಲದ ಅಂಗಿ

ಸರಿ ಉತ್ತರ ಕೊಟ್ಟ ಹೆಂಗಸನ್ನು ಫೇಲ್ ಮಾಡಿದರು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ನಾನೂ ಸಾಸಲಿನ ರತ್ನಮ್ಮನೂ ಪರೀಕ್ಷೆಗೆ ಕೂತಿದ್ದೆವು.

ಕಲೆ ಇರುವ ಅಂಗಿಗೆಲ್ಲ ಕೆಂಪು ಚೀಟಿ ಇರಬೇಕು ಎಂಬುದು ನಿಯಮ. ಮಡಚಿದ ಎರಡು ಅಂಗಿಗಳಲ್ಲಿ ಒಂದಕ್ಕೆ ಚೀಟಿ ಇದೆ, ಇನ್ನೊಂದಕ್ಕಿಲ್ಲ. ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವುದನ್ನು ಬಿಚ್ಚುತ್ತೀರಿ?

ನಾನು ಚೀಟಿ ಇರುವುದನ್ನು ಎಂದೆ. ರತ್ನಮ್ಮ ಇಲ್ಲದ್ದನ್ನು ಎಂದಳು.

ಪರೀಕ್ಷೆ ನಡೆಸುತ್ತಿದ್ದ ಆಫೀಸರ್ ತನ್ನ ಕೈಲಿದ್ದ ಸರಿ ಉತ್ತರಗಳ ಹಾಳೆ ನೋಡಿ, "ತಪ್ಪಮ್ಮ, ಕೆಂಪು ಚೀಟೀದು ಬಿಚ್ಬೇಕು," ಎಂದ.

"ಅದು ಆಗ್ಲೇ ಸಿಕ್ಬಿದ್ದಿರೋದು ಸಾರ್. ಕಲೆ ಬಚ್ಚಿಟ್ಕೊಳ್ಳೋದು ಚೀಟಿ ಇಲ್ದಿರೋದ್ರಲ್ಲಿ. ಹನ್ನೆರಡು ವರ್ಷದಿಂದ ನಾನು ಚೆಕಿಂಗಲ್ಲಿ ಪಾಸಾದ ಬಟ್ಟೆ ಕಟ್ಟನ್ನೇ ಬಿಚ್ಚಿ ನೋಡ್ತಿರೋದು."

"ಹಾಳೇಲಿ ಹಂಗಿಲ್ಲ."

ಕೆಲಸ ನನಗಾಯಿತು. ಅವಳದ್ದೇ ಸರಿ ಎಂದು ಅಲ್ಲೇ ಅರ್ಥವಾಗಿದ್ದರೂ ನಾನು ಬಾಯಿ ಬಿಡಲಿಲ್ಲ. ತಪ್ಪು ಉತ್ತರಕ್ಕೆ ನಿಮ್ಮನ್ನು ಪಾಸು ಮಾಡಿದರೆ ನೀವು ಸುಮ್ಮನಿರಬೇಡಿ; ಎದ್ದು ನಿಂತು, ಹಾಳೆಯೇ ತಪ್ಪು ಎಂದು ಅವರ ಮುಖಕ್ಕೆ ಹೇಳಿ.