ಒಂದಕ್ಷರದ ಬೀಗ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಮಕ್ಕಳ ವಾರ್ಡಿನ ಮೂಲೆಯ ಕಂಪ್ಯೂಟರಿನ ಮುಂದೆ, ಕುರ್ಚಿಯಿದ್ದರೂ ಕೂರದೆ ಬಾಗಿ ನಿಂತ ಮಹಿಳೆಯೊಬ್ಬರು ಎರಡೇ ಅಕ್ಷರ ಒತ್ತುತ್ತಾರೆ: ವಿಷ. ಪರದೆಯ ಮೇಲೆ ವಿಷಚಿಕಿತ್ಸೆಯ ಪುಟ ತೆರೆದುಕೊಳ್ಳುತ್ತದೆ. ಕೈಯಲ್ಲಿರುವ ಚೀಟಿಯ ಮೇಲೊಂದು ಗೆರೆ ಎಳೆದು ಅವರು ಆಗಲೇ ಬಾಗಿಲಾಚೆ. ಮುಂದಿನ ವಾರ್ಡು, ಮತ್ತೆ ಅದೇ ಎರಡಕ್ಷರ. ಏಳಕ್ಕೆ ಪಾಳಿ ಬದಲಾಗುವುದರೊಳಗೆ ಇಪ್ಪತ್ತಮೂರು ವಾರ್ಡು ಮುಗಿಯಬೇಕು.

"ಕೂತ್ರೆ ಕಾಲು ಬೈಯುತ್ತೆ. ನೀವು ಲಿಫ್ಟಲ್ಲಿ ಬನ್ನಿ, ಪರವಾಗಿಲ್ಲ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನ್ನನ್ನು ಮೆಟ್ಟಿಲಲ್ಲಿ ಹಿಂದೆ ಹಾಕಿ.

ಆಸ್ಪತ್ರೆಯವರಿಗೆ ಅವರು ಬೀಗದಕ್ಕ. ಇಲ್ಲಿನ ಆರುನೂರ ನಲವತ್ತು ಕಂಪ್ಯೂಟರುಗಳಲ್ಲಿ ಯಾವ ಜಾಲತಾಣ ತೆರೆಯಬೇಕು, ಯಾವುದು ಕೂಡದು ಎಂಬ ಪಟ್ಟಿ ಅವರ ಸುಪರ್ದಿಯಲ್ಲಿದೆ. ಆಟ, ಜೂಜು, ಸಿನಿಮಾ, ವೈರಸ್ ಹೊತ್ತು ತರುವ ತಾಣಗಳು; ದಿನಕ್ಕೆ ಒಂಬತ್ತು ಸಾವಿರ ಸಲ ಯಾರಾದರೂ ಆ ಬೀಗಗಳಿಗೆ ಕೈಹಾಕುತ್ತಾರೆ. ಅನುಮಾನದ ತಾಣ ಬಂದರೆ ಮೊದಲು ಅವರೇ ತೆರೆದು ನೋಡಬೇಕು. "ಬೇರೆಯವರು ನೋಡಬಾರದ್ದನ್ನೆಲ್ಲ ನೋಡಿ ನೋಡಿ ಕಣ್ಣು ಕೆಟ್ಟಿದೆ. ಕಣ್ಣಿನ ಡಾಕ್ಟ್ರಿಗೆ ಕಾರಣ ಹೇಳೋ ಹಾಗೂ ಇಲ್ಲ!"

ಇಪ್ಪತ್ತೆರಡರ ವಯಸ್ಸಿನಲ್ಲಿ ಅವರು ಸೇರಿದ್ದು ಇದೇ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ. ಹದಿನಾಲ್ಕು ವರ್ಷದ ನಂತರ ಯಂತ್ರ ಬಂದು ಆ ಕೊಠಡಿ ಮುಚ್ಚಿತು. ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ದೂಡಿದರು. ಮಗಳ ಶಾಲೆಯ ಪುಸ್ತಕ ಎದುರಿಗಿಟ್ಟುಕೊಂಡು ಕಲಿತರು. "ಆಗ ಜೋಡಿಸೋ ಕೆಲಸ, ಈಗ ಅಡ್ಡಹಾಕೋ ಕೆಲಸ. ಮಗಳು ಕೇಳ್ತಾಳೆ, 'ಅಮ್ಮಾ, ಇದು ಬಡ್ತೀನೋ ಶಿಕ್ಷೇನೋ' ಅಂತ."

ಏಳು ತಿಂಗಳ ಹಿಂದೆ ಮೇಲಧಿಕಾರಿಯಿಂದ ಮೂವತ್ತೆರಡು 'ಕೆಟ್ಟ ಪದ'ಗಳ ಪಟ್ಟಿಯೊಂದು ಬಂತು. ಆ ಪದಗಳಿರುವ ಪುಟಗಳೆಲ್ಲ ಮುಚ್ಚಬೇಕು. ಹನ್ನೊಂದನೆಯದು ವಿಷ. ಮರುದಿನ ಪರದೆಯ ಮೇಲೆ ಕಚೇರಿಯ ಒಂದು ಪತ್ರವೂ ತೆರೆಯಲಿಲ್ಲ. ಪ್ರತಿ ಪತ್ರದ ತಲೆಯ ಮೇಲೂ 'ವಿಷಯ' ಎಂದಿರುತ್ತದೆ. 'ವಿಷಯ'ದೊಳಗೆ 'ವಿಷ' ಕೂತಿರುತ್ತದೆ. ಯಂತ್ರಕ್ಕೆ ಅಷ್ಟು ಸಾಕು.

"ಏನಕ್ಕಾ, ವಿಷಯಕ್ಕೇ ವಿಷ ಇಕ್ಕಿಬಿಟ್ಯಲ್ಲ!" ಎಂದು ಗುಮಾಸ್ತರು ನಕ್ಕರು. ಬೀಗದಕ್ಕನೂ ನಗುತ್ತಲೇ 'ವಿಷಯ'ವನ್ನು ಬಿಡಿಸಿದರು. 'ವಿಷ' ಮುಚ್ಚಿಯೇ ಉಳಿಯಿತು.

ಅಂದೇ ಮಧ್ಯಾಹ್ನ, ನೆಲ ಒರೆಸುವ ದ್ರಾವಣ ಕುಡಿದ ಎರಡು ವರ್ಷದ ಮಗುವೊಂದನ್ನು ತುರ್ತು ವಿಭಾಗಕ್ಕೆ ತಂದರು. ಚಿಕಿತ್ಸೆಯ ಪುಟ ಹುಡುಕಿದ ದಾದಿಗೆ ಕಂಡದ್ದು 'ಪ್ರವೇಶವಿಲ್ಲ' ಎಂಬ ಒಂದೇ ಸಾಲು. ಯಾರನ್ನು ಕೇಳಬೇಕೆಂದು ಅದರಲ್ಲಿರಲಿಲ್ಲ. ಗ್ರಂಥಾಲಯಕ್ಕೆ ಓಡಿ ಹಳೆಯ ಪುಸ್ತಕ ತರುವಷ್ಟರಲ್ಲಿ ಹನ್ನೊಂದು ನಿಮಿಷ. ಮಗು ಉಳಿಯಿತು.

"ಉಳೀತು, ನಿಜ. ಆದ್ರೆ ಕಾಗದ ಓದೋರ ನೆನಪು ಬಂತು ನಂಗೆ. ವಿಷ ಇಳಿಸೋರ ನೆನಪು ಬರ್ಲಿಲ್ಲ." ಅವರ ಕಾಲು ಮೊದಲ ಸಲ ನಿಲ್ಲುತ್ತದೆ, ಹದಿನೇಳನೆಯ ವಾರ್ಡಿನ ಬಾಗಿಲಲ್ಲಿ. ಮರುಕ್ಷಣ ಮತ್ತೆ ನಡಿಗೆ.

ಆ ಪದವನ್ನು ಅವರು ಅಂದೇ ಕಿತ್ತುಹಾಕಿದರು. ಆದರೆ ಹೊರಗಿನ ಕಂಪನಿ ಕಳಿಸುವ ಪಟ್ಟಿ ದಿನವೂ ತಾನಾಗಿ ಹೊಸದಾಗುತ್ತದೆ, ವಾರ್ಡಿಗೊಂದು ನಿಯಮ ಬೇರೆ. ಎರಡು ಸಲ ಅದೇ ಪುಟ ಮತ್ತೆ ಮುಚ್ಚಿಹೋಗಿತ್ತು. ಈ ಸುತ್ತು ಅದಕ್ಕಾಗಿ. ಇನ್ನೊಂದು ಕೆಲಸವನ್ನೂ ಅವರು ಯಾರನ್ನೂ ಕೇಳದೆ ಮಾಡಿದರು: 'ಪ್ರವೇಶವಿಲ್ಲ'ದ ಕೆಳಗೆ 'ತಪ್ಪಾಗಿ ಮುಚ್ಚಿದ್ದರೆ ಕರೆಯಿರಿ: 417' ಎಂದು ಸೇರಿಸಿದರು. ಅದು ಅವರು ಜೇಬಿನಲ್ಲಿಟ್ಟುಕೊಂಡು ತಿರುಗುವ, ಆಸ್ಪತ್ರೆಯ ಒಳಗಿನ ಫೋನಿನ ನಂಬರು.

ಈಗಲೂ ಜೇಬಿನಲ್ಲಿ ಅದು ಬಡಿದುಕೊಳ್ಳುತ್ತದೆ. ಬೀಗದಕ್ಕ ಬೆಚ್ಚಿ ಕಿವಿಗಿಡುತ್ತಾರೆ. ನಂಬರು ಬಾಯಿಪಾಠವಾಗಿರುವ ಉಗ್ರಾಣದವರು, ಪಂದ್ಯ ನೋಡಬೇಕಂತೆ. "ಮುಗಿದ್ಮೇಲೆ ತೆಗೀತೀನಿ ಸ್ವಾಮಿ, ಯಾರು ಗೆದ್ರು ಅಂತಾನೂ ನಾನೇ ಹೇಳ್ತೀನಿ!" ದಿನಕ್ಕೆ ಮೂವತ್ತು ಕರೆ, ಇಪ್ಪತ್ತೈದು ಇಂಥವೇ.

ಮೇಲಧಿಕಾರಿಗೆ ಇದು ಹಿಡಿಸಿಲ್ಲ. "ನೋಡಮ್ಮಾ, ಬೀಗದ ಮೇಲೆ ಯಾರಾದ್ರೂ ಫೋನ್ ನಂಬರ್ ಬರೀತಾರಾ? ಪರದೆಯಿಂದ ತೆಗ್ದಾಕಿ," ಎಂದು ನಿನ್ನೆ ಆದೇಶ ಕೊಟ್ಟಿದ್ದಾರೆ. ಇಂದು ಬೆಳಗಿನ ಐದು ಗಂಟೆಗೆ, ಈ ಸುತ್ತಿಗೆ ಮುಂಚೆ, ಬೀಗದಕ್ಕ ತಮ್ಮ ಕೈಯಾರೆ ಆ ಸಾಲನ್ನು ಅಳಿಸಿ ಬಂದಿದ್ದಾರೆ.

ಕೊನೆಯದು ತುರ್ತು ವಿಭಾಗ. ವಿಷದ ಪುಟ ತೆರೆಯುತ್ತದೆ. ಬೇಕೆಂದೇ ಅವರು ಒಂದು ಆಟದ ತಾಣ ಒತ್ತುತ್ತಾರೆ. 'ಪ್ರವೇಶವಿಲ್ಲ.' ಕೆಳಗೆ ಖಾಲಿ. ಆ ಖಾಲಿಯನ್ನೇ ನೋಡುತ್ತಾ ನಿಲ್ಲುತ್ತಾರೆ.

ಅಂದು ಗ್ರಂಥಾಲಯಕ್ಕೆ ಓಡಿದ್ದ ಅದೇ ದಾದಿ ಪಕ್ಕಕ್ಕೆ ಬರುತ್ತಾರೆ; ಆದೇಶದ ಸುದ್ದಿ ಅವರ ಕಿವಿಗೂ ಬಿದ್ದಿದೆ. ಔಷಧದ ಬಾಟಲಿಗಳ ಮೇಲೆ ಬರೆಯುವ ಪೆನ್ನು ತೆಗೆದು, ಪರದೆಯ ಬಿಳಿ ಚೌಕಟ್ಟಿನ ಮೇಲೆ ದಪ್ಪಗೆ ಗೀಚುತ್ತಾರೆ: 417.

"ಪರದೆಯಿಂದ ತೆಗೀರಿ ಅಂದ್ರು ತಾನೇ ಸಾಹೇಬ್ರು? ಚೌಕಟ್ಟಿನ ಸುದ್ದಿ ಎತ್ತಿಲ್ವಲ್ಲ. ಸಂಜೆಯೊಳಗೆ ಇಪ್ಪತ್ಮೂರು ವಾರ್ಡಲ್ಲೂ ಇರುತ್ತೆ, ನೋಡ್ತಾ ಇರಿ ಅಕ್ಕ."

ಬೀಗದಕ್ಕ ಬಗ್ಗಿ ನೋಡುತ್ತಾರೆ. "ಆ ಏಳನ್ನ ನೆಟ್ಟಗೆ ಬರಿಯೇ. ಗಾಬರೀಲಿದ್ದೋರು ಒಂದು ಅಂತ ಓದ್ಕೊಂಡಾರು." ಆಮೇಲೆ, ಹೊರಡುತ್ತಾ, ನನ್ನ ಕಡೆಗೆ: "ಎಕ್ಸ್‌ಚೇಂಜಲ್ಲಿದ್ದಾಗಿಂದ ನಂದು ಇದೇ ನಂಬರು. ಎರಡನೇ ರಿಂಗಾಗೋಕೆ ಯಾವತ್ತೂ ಬಿಟ್ಟಿಲ್ಲ."